ತರಗತಿಗೆ ಯಾವ ಡಿಜಿಟಲ್ ಸಾಧನ? ಶಿಕ್ಷಕ ತರಬೇತಿಯಲ್ಲಿರುವವರಿಗೆ ಒಂದು ಹೋಲಿಕೆ

ಕ್ವಿಜ್ ನಡೆಸಲು ಕಹೂಟ್ ಒಳ್ಳೆಯದಾ, ಪ್ಲಿಕರ್ಸ್ ಒಳ್ಳೆಯದಾ? ಸ್ಲೈಡ್ ಮಾಡಲು ಪವರ್‌ಪಾಯಿಂಟ್ ಸಾಕಾ, ಕ್ಯಾನ್ವಾನೂ ಕಲೀಬೇಕಾ? ವಿಡಿಯೋ ನಾನೇ ಮಾಡಬೇಕಾ, ಇರುವುದನ್ನೇ ತೋರಿಸಿದರೆ ನಡೆಯುತ್ತದಾ? ಬೋಧನಾಭ್ಯಾಸಕ್ಕೆ ಹೊರಟವರು ಕೇಳುವ ಪ್ರಶ್ನೆಗಳು ಇವು. ಯಾವುದರಲ್ಲಿ ಏನೇನು ಸೌಲಭ್ಯ ಇದೆ ಅಂತ ಪಟ್ಟಿ ಮಾಡಿ ಹೋಲಿಸಲು ಕೂತರೆ ಉತ್ತರ ಸಿಗುವುದಿಲ್ಲ. ಪಟ್ಟಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ನಾನು ಅಳೆಯುವುದು ಬೇರೆ ಲೆಕ್ಕದಲ್ಲಿ. ಪಾಠ ನಡೆಯುತ್ತಿರುವಾಗ ಈ ಸಾಧನ ನಿಮ್ಮ ಗಮನವನ್ನು ಎಷ್ಟು ಎಳೆದುಕೊಳ್ಳುತ್ತದೆ? ಅಷ್ಟೇ. ಹೊಸದಾಗಿ ಪಾಠ ಮಾಡುವವರಿಗೆ ಎಲ್ಲದಕ್ಕಿಂತ ಕಡಿಮೆ ಇರುವುದು ಗಮನ. ಮಕ್ಕಳ ಹೆಸರು ನೆನಪಿಟ್ಟುಕೊಳ್ಳಬೇಕು, ಗಡಿಯಾರ ನೋಡಬೇಕು, ಮುಂದಿನ ಪ್ರಶ್ನೆ ಯೋಚಿಸಬೇಕು, ಹಿಂದಿನ ಸಾಲಿನ ಗುಸುಗುಸು ಕೇಳಿಸಿಕೊಳ್ಳಬೇಕು, ಜೊತೆಗೆ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿರುವ ಮಾರ್ಗದರ್ಶಕರು ಬೇರೆ. ಇಷ್ಟರ ಮೇಲೆ ಲಾಗಿನ್, ಕೇಬಲ್, ಪಾಸ್‌ವರ್ಡ್ ಮರೆತ ಹುಡುಗ ಎಲ್ಲ ಸೇರಿದರೆ ಪಾಠ ಕೈತಪ್ಪುತ್ತದೆ. ಮನೆಯಲ್ಲಿ ತಯಾರಿಗೆ ಎರಡು ಗಂಟೆ ಬೇಡುವ ಸಾಧನ ಪರವಾಗಿಲ್ಲ. ತರಗತಿಯಲ್ಲಿ ಎರಡು ನಿಮಿಷ ಮಕ್ಕಳಿಗೆ ಬೆನ್ನು ತಿರುಗಿಸುವಂತೆ ಮಾಡುವ ಸಾಧನ ದುಬಾರಿ.

ತರಬೇತಿಯಲ್ಲಿ ಟಿಪ್ಯಾಕ್ ಅನ್ನುವ ಚೌಕಟ್ಟು ಓದಿರುತ್ತೀರಿ. ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮುಂದಿಟ್ಟಿದ್ದು. ವಿಷಯದ ತಿಳುವಳಿಕೆ, ಕಲಿಸುವ ತಿಳುವಳಿಕೆ, ತಂತ್ರಜ್ಞಾನದ ತಿಳುವಳಿಕೆ, ಈ ಮೂರೂ ಬೆರೆತರೇನೇ ಒಳ್ಳೆಯ ಪಾಠ ಅನ್ನುತ್ತದೆ ಅದು. ಮಾತು ಸರಿ. ಆದರೆ ಮೂರೂ ಬೆರೆಯುವುದಕ್ಕೆ ನಿಮ್ಮ ತಲೆಯಲ್ಲಿ ಸ್ವಲ್ಪ ಜಾಗ ಖಾಲಿ ಇರಬೇಕಲ್ವಾ? ಆ ಜಾಗ ಉಳಿಸುವ ಸಾಧನ ಯಾವುದು ಅಂತ ಈಗ ಒಂದೊಂದಾಗಿ ನೋಡೋಣ.

ಕ್ವಿಜ್: ಮೊದಲು ಕಲಿಯಬೇಕಾದ್ದು ಇದೇ

ಸ್ಲೈಡ್‌ಗಿಂತ ಮೊದಲು ಕ್ವಿಜ್ ಯಾಕೆ ಅಂದರೆ, ಮಕ್ಕಳಿಗೆ ಏನು ಅರ್ಥವಾಗಿದೆ ಅನ್ನುವುದು ನಿಮಗೆ ಗೊತ್ತಾಗುವುದು ಅಲ್ಲಿ. ಇನ್ನೊಂದು ಕಾರಣವೂ ಇದೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ನೆನಪಿನಿಂದ ಬರೆಯಿತು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಬಂದರು. ಹಾಗಾಗಿ ಕ್ವಿಜ್ ಅಂಕ ಹಾಕುವುದಕ್ಕೆ ಮಾತ್ರ ಇರುವುದಲ್ಲ, ಕ್ವಿಜ್ ಮಾಡುವುದೇ ಕಲಿಕೆ.

ಈಗ ಆಯ್ಕೆಗಳು. ಕಹೂಟ್ ಎಲ್ಲರಿಗೂ ಗೊತ್ತು. ದೊಡ್ಡ ಪರದೆಯಲ್ಲಿ ಪ್ರಶ್ನೆ, ಮಕ್ಕಳ ಕೈಯಲ್ಲಿರುವ ಸಾಧನದಲ್ಲಿ ಕೆಂಪು ತ್ರಿಕೋನ, ನೀಲಿ ವಜ್ರಾಕೃತಿ, ಹಳದಿ ವೃತ್ತ, ಹಸಿರು ಚೌಕ. ಸಂಗೀತ ಬರುತ್ತದೆ, ಗಡಿಯಾರ ಓಡುತ್ತದೆ, ತರಗತಿ ಎದ್ದು ಕೂರುತ್ತದೆ. ಮಾರ್ಗದರ್ಶಕರು ನೋಡಲು ಬಂದ ದಿನ ಇದನ್ನು ಹಾಕಿದರೆ ಪಾಠ ತುಂಬಾ ಲವಲವಿಕೆಯಿಂದ ಕಾಣುತ್ತದೆ. ತೊಂದರೆ ಏನೆಂದರೆ ಅದರ ಮಾಮೂಲಿ ಆಟದಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್. ನಿಧಾನವಾಗಿ ಓದುವ ಮಗು ಎರಡನೇ ಪ್ರಶ್ನೆಯ ಹೊತ್ತಿಗೇ ಸೋತಿರುತ್ತದೆ, ಆಮೇಲೆ ಸುಮ್ನೆ ಯಾವುದೋ ಬಣ್ಣ ಒತ್ತುತ್ತಾ ಕೂರುತ್ತದೆ. ಆಗ ನಿಮಗೆ ಬರುವ ಉತ್ತರದಲ್ಲಿ ಆ ಮಗುವಿನ ತಿಳುವಳಿಕೆ ಇರುವುದಿಲ್ಲ. ಪ್ರತಿ ಪ್ರಶ್ನೆಗೂ ಸಮಯ ಹೆಚ್ಚಿಸುವ, ಪಾಯಿಂಟ್ ತೆಗೆದುಹಾಕುವ ಸೆಟ್ಟಿಂಗ್ ಇದೆ. ಅದನ್ನು ಹುಡುಕಿ ಬದಲಿಸಿಕೊಳ್ಳಿ. ಹಾಗೆ ಬದಲಿಸಿದ ಕಹೂಟ್ ಅಧ್ಯಾಯ ಮುಗಿದ ಮೇಲಿನ ಪುನರಾವರ್ತನೆಗೆ ಚೆನ್ನಾಗಿದೆ.

ಕ್ವಿಜಿಜ್ ಅಂತ ಇದ್ದದ್ದು 2025ರಲ್ಲಿ ವೇಗ್ರೌಂಡ್ ಅಂತ ಹೆಸರು ಬದಲಿಸಿಕೊಂಡಿದೆ. ಇಲ್ಲಿ ಪ್ರಶ್ನೆ ಪ್ರತಿ ಮಗುವಿನ ಪರದೆಯಲ್ಲೇ ಬರುತ್ತದೆ, ಮಗು ತನ್ನ ವೇಗದಲ್ಲಿ ಮುಂದೆ ಹೋಗಬಹುದು. ಇದರಿಂದ ನೀವು ಪರದೆಯ ಪಕ್ಕದಿಂದ ಬಿಡುಗಡೆಯಾಗುತ್ತೀರಿ. ಪ್ರಶ್ನೆ ಮುಂದಕ್ಕೆ ತಳ್ಳುವ ಕೆಲಸ ಇಲ್ಲದ್ದರಿಂದ ಬೆಂಚುಗಳ ನಡುವೆ ಓಡಾಡಿ ಯಾರು ಎಲ್ಲಿ ತಡವರಿಸುತ್ತಿದ್ದಾರೆ ಅಂತ ನೋಡಬಹುದು. ಮಕ್ಕಳ ಕೈಯಲ್ಲಿ ಸಾಧನ ಇದ್ದರೆ, ಕಹೂಟ್‌ಗಿಂತ ಇದನ್ನೇ ಮೊದಲು ಕಲಿಯಿರಿ ಅನ್ನುತ್ತೇನೆ.

ಮಕ್ಕಳ ಕೈಯಲ್ಲಿ ಏನೂ ಇಲ್ಲದಿದ್ದರೆ ಪ್ಲಿಕರ್ಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊಸಬರು ಇದನ್ನು ಹಳೇಕಾಲದ್ದು ಅಂತ ದಾಟಿಹೋಗುತ್ತಾರೆ. ಪ್ರತಿ ಮಗುವಿಗೂ ಕಾಗದದ ಒಂದು ಕಾರ್ಡು. ಅದರ ಮೇಲೆ ಕಪ್ಪುಬಿಳಿ ಚೌಕಗಳ ವಿನ್ಯಾಸ, ನಾಲ್ಕು ಬದಿಗೆ ಸಣ್ಣ ಅಕ್ಷರದಲ್ಲಿ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಮಗು ಎದೆಯ ಮುಂದೆ ಹಿಡಿಯುತ್ತದೆ. ನೀವು ನಿಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನವಾಗಿ ಹಾಯಿಸಿದರೆ ಯಾರು ಏನು ಉತ್ತರ ಕೊಟ್ಟರು ಅನ್ನುವುದು ಫೋನಿನಲ್ಲಿ ಬರುತ್ತದೆ. ಒಬ್ಬೊಬ್ಬರ ವಿನ್ಯಾಸ ಒಂದೊಂದು ಥರ, ಹಾಗಾಗಿ ಪಕ್ಕದವರ ಕಾರ್ಡು ನೋಡಿ ನಕಲು ಮಾಡುವುದು ಕಷ್ಟ. 40 ಕಾರ್ಡುಗಳ ಕಟ್ಟು ಇದೆ, ದೊಡ್ಡ ತರಗತಿಗೆ 63ರದ್ದೂ ಇದೆ. ಒಮ್ಮೆ ಮುದ್ರಿಸಿಕೊಂಡರೆ ಎಲ್ಲ ತರಗತಿಗೂ ಅದೇ ಸಾಕು. ಮಿರುಗುವ ಲ್ಯಾಮಿನೇಷನ್ ಮಾತ್ರ ಬೇಡ, ಬೆಳಕು ಬಿದ್ದು ಹೊಳೆದರೆ ಕ್ಯಾಮೆರಾ ಓದುವುದಿಲ್ಲ. ನಾಲ್ಕು ಆಯ್ಕೆಯ ಪ್ರಶ್ನೆ ಬಿಟ್ಟು ಬೇರೆ ಏನೂ ಆಗುವುದಿಲ್ಲ ಅನ್ನುವುದೇ ಇದರ ಮಿತಿ. ಆದರೆ ಗಮನದ ಲೆಕ್ಕದಲ್ಲಿ ಇದನ್ನು ಮೀರಿಸುವುದು ನನಗೆ ಕಂಡಿಲ್ಲ. ಕ್ಯಾಮೆರಾ ಹಿಡಿದಿರುವಾಗಲೂ ನಿಮ್ಮ ಮುಖ ಮಕ್ಕಳ ಕಡೆಗೇ ಇರುತ್ತದೆ, ಮಕ್ಕಳ ಕೈಯಲ್ಲಿ ಪರದೆಯೇ ಇಲ್ಲ, ಲಾಗಿನ್ ಗೋಳೂ ಇಲ್ಲ.

ಗೂಗಲ್ ಫಾರ್ಮ್ಸ್ ತರಗತಿಯ ಒಳಗಿಗಿಂತ ಹೊರಗೆ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಅನುಕೂಲ ಇದೆ. ತಪ್ಪು ಉತ್ತರ ಆರಿಸಿದ ಮಗುವನ್ನು ಒಂದು ಸಣ್ಣ ವಿವರಣೆಗೆ ಕಳಿಸಿ, ಅಲ್ಲಿಂದ ಅದೇ ಥರದ ಇನ್ನೊಂದು ಪ್ರಶ್ನೆಗೆ ಕರೆತರಬಹುದು. ಕಟ್ಟುವುದು ಸ್ವಲ್ಪ ತಲೆಬಿಸಿ, ಎಲ್ಲ ದಾರಿಯನ್ನೂ ಮೊದಲು ಕಾಗದದ ಮೇಲೆ ಬರೆದುಕೊಂಡರೆ ಸಲೀಸು.

ಯಾವುದನ್ನೇ ಆರಿಸಿ, ಕೊನೆಗೆ ಕೆಲಸ ಮಾಡುವುದು ಪ್ರಶ್ನೆ. ಒಂದು ಉದಾಹರಣೆ. ‘0.4, 0.35, 0.125 ಇವುಗಳಲ್ಲಿ ಯಾವುದು ದೊಡ್ಡದು?’ ಅಂತ ಕೇಳಿದಿರಿ ಅನ್ನಿ. 0.125 ಆರಿಸಿದ ಮಗು ಬಿಂದುವಿನ ಆಚೆಗಿನದನ್ನು ನೂರ ಇಪ್ಪತ್ತೈದು ಅಂತ ಓದುತ್ತಿದೆ, ಅದು ಗೊತ್ತಾಯಿತು. ಆದರೆ 0.4 ಆರಿಸಿದವರೆಲ್ಲರಿಗೂ ಅರ್ಥವಾಗಿದೆ ಅಂತ ಅಂದುಕೊಳ್ಳಬೇಡಿ. ಅಂಕಿ ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು ಅಂತ ನಂಬಿರುವ ಮಕ್ಕಳೂ ಇದ್ದಾರೆ, ಅವರೂ 0.4 ಅನ್ನೇ ಆರಿಸುತ್ತಾರೆ. ಮುಂದಿನ ಪ್ರಶ್ನೆಯಾಗಿ 0.3 ಮತ್ತು 0.45 ಕೊಟ್ಟರೆ ಈ ಮಕ್ಕಳು 0.3 ಅನ್ನುತ್ತಾರೆ, ಆಗ ಬಯಲಾಗುತ್ತದೆ. ಇಂಥ ಎರಡು ಪ್ರಶ್ನೆ ಯೋಚಿಸಲು ಕೊಟ್ಟ ಅರ್ಧ ಗಂಟೆ, ಹೊಸ ಆ್ಯಪ್ ಹುಡುಕಲು ಕೊಟ್ಟ ಅರ್ಧ ದಿನಕ್ಕಿಂತ ಮೇಲು. ಪ್ರಶ್ನೆಗಳನ್ನು ಆ್ಯಪ್ ಒಳಗೆ ಟೈಪ್ ಮಾಡುವ ಬದಲು ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ. ಕಹೂಟ್‌ಗೂ ವೇಗ್ರೌಂಡ್‌ಗೂ ಅಲ್ಲಿಂದಲೇ ಸೇರಿಸಬಹುದು.

ಸ್ಲೈಡ್, ಬೋರ್ಡು, ಫೋನ್ ಕ್ಯಾಮೆರಾ

ಪವರ್‌ಪಾಯಿಂಟ್ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಗೂಗಲ್ ಸ್ಲೈಡ್ಸ್ ಸಹಪಾಠಿಗಳ ಜೊತೆ ಕೂತು ಒಟ್ಟಿಗೆ ಮಾಡಲು ಒಳ್ಳೆಯದು. ಕ್ಯಾನ್ವಾದಲ್ಲಿ ಬೇಗ ಚೆಂದ ಕಾಣುತ್ತದೆ, ಪೋಸ್ಟರ್, ಕೆಲಸದ ಹಾಳೆ ಇಂಥವಕ್ಕೆ ಅದೇ ಸುಲಭ. ಮೂರರ ನಡುವೆ ತುಂಬಾ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪಾಠಕ್ಕೆ ಪವರ್‌ಪಾಯಿಂಟ್, ಹಾಳೆಗೆ ಕ್ಯಾನ್ವಾ ಅಂದುಕೊಂಡರೆ ಸಾಕು. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಕೆಟ್ಟುಹೋಗುವ ಭಯ ಇದ್ದರೆ ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ.

ಆದರೆ ಪವರ್‌ಪಾಯಿಂಟಿನ ಒಂದು ಕೀ ಬಗ್ಗೆ ಹೇಳಲೇಬೇಕು. ಸ್ಲೈಡ್ ಶೋ ನಡೆಯುವಾಗ ಕೀಬೋರ್ಡಿನ ಬಿ ಅಕ್ಷರ ಒತ್ತಿ, ಪರದೆ ಪೂರ್ತಿ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ವಾಪಸ್. ಪರದೆ ಕಪ್ಪಾದ ಕೂಡಲೇ ಮಕ್ಕಳ ಕಣ್ಣು ನಿಮ್ಮ ಕಡೆಗೆ ಬರುತ್ತದೆ. ಚರ್ಚೆ ಶುರುವಾದಾಗ, ಮಗುವೊಂದು ಉತ್ತರ ಹೇಳುವಾಗ, ಗುಂಪಿನಲ್ಲಿ ಕೆಲಸ ಕೊಟ್ಟಾಗ ಒತ್ತಿ. ಅನಿಮೇಷನ್ ಕಲಿಯುವುದಕ್ಕಿಂತ ಮೊದಲು ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಸ್ಲೈಡಿನಲ್ಲಿ ಬರೆದ ವಾಕ್ಯವನ್ನೇ ಓದಿ ಹೇಳಬೇಡಿ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸುವಾಗ ಅದೇ ಮಾತು ಪರದೆಯ ಮೇಲೂ ಸಾಲುಸಾಲಾಗಿ ಇದ್ದರೆ ಕಲಿಕೆಗೆ ಅಡ್ಡಿಯಾಗುತ್ತದೆ ಅಂತ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಕಣ್ಣು ಚಿತ್ರ ನೋಡಬೇಕೋ ಅಕ್ಷರ ಓದಬೇಕೋ ಅಂತ ಒದ್ದಾಡುತ್ತದೆ. ಚಿತ್ರ ಇಡಿ, ಮುಖ್ಯ ಪದ ಒಂದೆರಡು ಇಡಿ, ಉಳಿದದ್ದನ್ನು ನೀವು ಹೇಳಿ.

ಲೆಕ್ಕ ಬಿಡಿಸುವುದು, ಚಿತ್ರ ಬರೆಯುವುದು, ವ್ಯಾಕರಣದ ವಾಕ್ಯ ಬಿಡಿಸಿ ತೋರಿಸುವುದು ಇವಕ್ಕೆಲ್ಲ ಸ್ಲೈಡ್ ಬೇಡವೇ ಬೇಡ. ಹೆಜ್ಜೆಗಳು ಒಂದರ ಹಿಂದೊಂದು ಹುಟ್ಟುವುದನ್ನು ಮಕ್ಕಳು ನೋಡಬೇಕು. ಬೋರ್ಡು ಸಾಕು. ಬೋರ್ಡಿಗೆ ತಿರುಗಿ ಬರೆಯುವಾಗ ತರಗತಿ ಕೈಬಿಟ್ಟು ಹೋಗುತ್ತದೆ ಅನ್ನಿಸಿದರೆ, ಫೋನನ್ನು ಸ್ಟ್ಯಾಂಡಿನಲ್ಲಿ ಕೆಳಮುಖವಾಗಿ ನಿಲ್ಲಿಸಿ ಕ್ಯಾಮೆರಾವನ್ನು ಪ್ರೊಜೆಕ್ಟರಿಗೆ ಜೋಡಿಸಿ. ಮೇಜಿನ ಮೇಲೆ ಕಾಗದದಲ್ಲಿ ಬರೆಯುತ್ತಾ ಹೋಗಿ, ಅದು ಪರದೆಯಲ್ಲಿ ಕಾಣುತ್ತದೆ. ನೀವು ಮಕ್ಕಳಿಗೆ ಎದುರಾಗಿ ಕೂತಿರುತ್ತೀರಿ. ಮಗುವಿನ ನೋಟ್‌ಬುಕ್ಕನ್ನೇ ಕ್ಯಾಮೆರಾ ಕೆಳಗಿಟ್ಟು ‘ಇವಳು ಹೀಗೆ ಮಾಡಿದ್ದಾಳೆ, ನೋಡಿ’ ಅಂತ ತೋರಿಸಬಹುದು. ಮಗುವಿನ ಒಪ್ಪಿಗೆ ಕೇಳಿಕೊಂಡು ತೋರಿಸಿ.

ವಿಡಿಯೋ: ಹುಡುಕಿದ್ದೋ, ಮಾಡಿದ್ದೋ

ಜ್ವಾಲಾಮುಖಿ ಒಳಗಿಂದ ಹೇಗಿರುತ್ತದೆ, ಹೃದಯ ಹೇಗೆ ಬಡಿಯುತ್ತದೆ ಇಂಥದ್ದಕ್ಕೆ ಇರುವ ವಿಡಿಯೋ ತೋರಿಸಿ. ನಿಮ್ಮ ಮಕ್ಕಳು ಎಡವುವ ಜಾಗ ಗೊತ್ತಿದ್ದು ಅದನ್ನೇ ಬಿಡಿಸಿ ಹೇಳಬೇಕಾದಾಗ ಮಾತ್ರ ನೀವೇ ಮಾಡಿ. ಉಳಿದಂತೆ ವಿಡಿಯೋ ಮಾಡುವುದಕ್ಕೆ ಹಿಡಿಯುವ ಹೊತ್ತು ಅದರಿಂದ ಬರುವ ಲಾಭಕ್ಕಿಂತ ಜಾಸ್ತಿ.

ಮಾಡುವುದಾದರೆ ಚಿಕ್ಕದಾಗಿ ಮಾಡಿ. ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕಾ ತಾಣದ 4 ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ, ವಿಡಿಯೋ ಎಷ್ಟೇ ಉದ್ದ ಇದ್ದರೂ ನೋಡುವವರು ಅದರ ಜೊತೆ ಉಳಿಯುವುದು ಹೆಚ್ಚೆಂದರೆ 6 ನಿಮಿಷದಷ್ಟು ಅಂತ ಕಂಡಿತು. ಅವರು ತಾವಾಗಿ ಆನ್‌ಲೈನ್ ಕೋರ್ಸ್ ಸೇರಿದವರು. ನಿಮ್ಮ ಮಕ್ಕಳು ಅದಕ್ಕಿಂತ ಚಿಕ್ಕವರು ಅನ್ನುವುದನ್ನು ಮರೆಯಬೇಡಿ.

ರೆಕಾರ್ಡಿಂಗಿಗೆ ಒಬಿಎಸ್ ಸ್ಟುಡಿಯೋ ಉಚಿತ, ಅದರಲ್ಲಿ ಆಗದ ಕೆಲಸವಿಲ್ಲ, ಆದರೆ ಮೊದಲ ಸಲ ತೆರೆದವರಿಗೆ ಎಲ್ಲಿ ಏನಿದೆ ಅಂತ ತಿಳಿಯುವುದಿಲ್ಲ. ಪವರ್‌ಪಾಯಿಂಟಿನಲ್ಲೇ ಸ್ಲೈಡಿನ ಜೊತೆ ನಿಮ್ಮ ದನಿ ರೆಕಾರ್ಡ್ ಮಾಡಿ ವಿಡಿಯೋ ಫೈಲ್ ಆಗಿ ಉಳಿಸಬಹುದು. ಹೊಸಬರಿಗೆ ಅದೇ ಸಾಕು. ಹಣ ಖರ್ಚು ಮಾಡುವುದಿದ್ದರೆ ಕ್ಯಾಮೆರಾಗೆ ಬೇಡ, ಮೈಕಿಗೆ ಮಾಡಿ. ಚಿತ್ರ ಮಸುಕಾಗಿದ್ದರೆ ಮಕ್ಕಳು ಸಹಿಸುತ್ತಾರೆ, ದನಿ ಕೇಳದಿದ್ದರೆ ಬಿಟ್ಟುಬಿಡುತ್ತಾರೆ.

ದನಿ ಶುದ್ಧ ಮಾಡಲು ಆಡಾಸಿಟಿ ಬಳಸಿ. ರೆಕಾರ್ಡಿಂಗ್ ಶುರು ಮಾಡಿದ ಕೂಡಲೇ ಮಾತಾಡಬೇಡಿ, ಐದಾರು ಸೆಕೆಂಡು ಸುಮ್ಮನಿರಿ. ಆ ಮೌನದಲ್ಲಿ ಫ್ಯಾನಿನ ಗುಂಯ್ ಅನ್ನುವ ಸದ್ದು ಮಾತ್ರ ದಾಖಲಾಗಿರುತ್ತದೆ. ಆಡಾಸಿಟಿಯಲ್ಲಿ ಅಷ್ಟು ಭಾಗವನ್ನು ಆರಿಸಿ ನಾಯ್ಸ್ ರಿಡಕ್ಷನ್ ತೆರೆದು ಸದ್ದಿನ ಮಾದರಿ ಪಡೆಯಿರಿ, ಆಮೇಲೆ ಪೂರ್ತಿ ರೆಕಾರ್ಡಿಂಗ್ ಆರಿಸಿ ಅದೇ ಆಯ್ಕೆಯನ್ನು ಮತ್ತೆ ಕೊಡಿ. ಸದ್ದು ಇಳಿಯುತ್ತದೆ, ಮಾತು ಉಳಿಯುತ್ತದೆ. ಜಾಸ್ತಿ ಕೊಟ್ಟರೆ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಕೊಟ್ಟು ಕೇಳಿ ನೋಡಿ.

ವಿಡಿಯೋ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬೇಕಾ? ಮಕ್ಕಳು ಮನೆಯಲ್ಲಿ ನೋಡುವುದಾದರೆ ಎಡ್‌ಪಜಲ್ ಅಥವಾ ಎಚ್5ಪಿ. ಎಡ್‌ಪಜಲ್ ಸಂಜೆ ಕೂತು ಕಲಿಯಬಹುದಾದಷ್ಟು ಸುಲಭ, ಆದರೆ ಅಲ್ಲಿ ಮಾಡಿದ್ದು ಅಲ್ಲೇ ಉಳಿಯುತ್ತದೆ. ಎಚ್5ಪಿ ಮುಕ್ತ ತಂತ್ರಾಂಶ. ಕಲಿಯಲು ಜಾಸ್ತಿ ಹೊತ್ತು ಹಿಡಿದರೂ ನೀವು ಮಾಡಿದ್ದನ್ನು ಫೈಲ್ ಆಗಿ ಇಳಿಸಿಕೊಂಡು ಮೂಡಲ್ (ಆನ್‌ಲೈನ್ ತರಗತಿ ನಡೆಸುವ ತಂತ್ರಾಂಶ) ಅಥವಾ ವರ್ಡ್‌ಪ್ರೆಸ್‌ಗೆ (ಜಾಲತಾಣ ಕಟ್ಟುವ ತಂತ್ರಾಂಶ) ಒಯ್ಯಬಹುದು. ತರಗತಿಯಲ್ಲಿ ತೋರಿಸುವಾಗ ಇವೆರಡೂ ಬೇಡ. ಎಲ್ಲಿ ನಿಲ್ಲಿಸಬೇಕು ಅನ್ನುವ ನಿಮಿಷ, ಸೆಕೆಂಡನ್ನು ಪಾಠಯೋಜನೆಯಲ್ಲಿ ಬರೆದುಕೊಂಡು ನೀವೇ ನಿಲ್ಲಿಸಿ, ನೀವೇ ಕೇಳಿ.

ಮಗು ಮುಟ್ಟಿ ನೋಡುವಂಥವು

ಪರದೆಯ ಮೇಲಿನ ಮಾದರಿಯನ್ನು ಮಗು ತಾನೇ ಬದಲಿಸಿ ನೋಡುವ ಸಾಧನಗಳು ಎರಡು: ವಿಜ್ಞಾನಕ್ಕೆ ಫೆಟ್, ಗಣಿತಕ್ಕೆ ಜಿಯೋಜೀಬ್ರಾ. ಇವೆರಡರ ನಡುವೆ ಆಯ್ಕೆಯ ಪ್ರಶ್ನೆ ಇಲ್ಲ. ಆಯ್ಕೆ ಇರುವುದು ಇವುಗಳಿಗೂ ಅನಿಮೇಷನ್ ವಿಡಿಯೋಗೂ ನಡುವೆ, ಅದರಲ್ಲಿ ನನ್ನ ಮತ ಯಾವತ್ತೂ ಇವಕ್ಕೇ. ಫೆಟ್ ಅನ್ನು 2002ರಲ್ಲಿ ಶುರು ಮಾಡಿದವರು ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್, ಕೊಲರಾಡೋ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ. ಅದರ ಸರ್ಕ್ಯೂಟ್ ಕಟ್ಟುವ ಆಟದಲ್ಲಿ ಬ್ಯಾಟರಿ, ತಂತಿ, ಸ್ವಿಚ್, ಎರಡು ಬಲ್ಬುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ. ಸ್ವಿಚ್ ಹಾಕಿದರೆ ಎಲೆಕ್ಟ್ರಾನ್‌ಗಳು ಸಣ್ಣ ನೀಲಿ ಚುಕ್ಕಿಗಳಾಗಿ ಹರಿಯುವುದು ಕಾಣುತ್ತದೆ. ಮೊದಲ ಬಲ್ಬಿನಲ್ಲಿ ಕರೆಂಟು ಖರ್ಚಾಗಿ ಎರಡನೆಯದಕ್ಕೆ ಕಡಿಮೆ ಬರುತ್ತದೆ ಅಂತ ಬಹಳ ಮಕ್ಕಳು ನಂಬಿರುತ್ತಾರೆ. ಸ್ವಿಚ್ ಹಾಕುವ ಮೊದಲು ‘ಯಾವ ಬಲ್ಬು ಜಾಸ್ತಿ ಉರಿಯುತ್ತದೆ, ಬರೆದಿಡಿ’ ಅನ್ನಿ. ಆಮೇಲೆ ಹಾಕಿ. ಚುಕ್ಕಿಗಳು ಎರಡೂ ಕಡೆ ಒಂದೇ ವೇಗದಲ್ಲಿ ಹರಿಯುತ್ತವೆ, ಒಂದೇ ಥರದ ಬಲ್ಬುಗಳಾದ್ದರಿಂದ ಎರಡೂ ಸಮನಾಗಿ ಉರಿಯುತ್ತವೆ. ಬರೆಸದೆ ತೋರಿಸಿದರೆ ಮಕ್ಕಳು ‘ನಂಗೆ ಗೊತ್ತಿತ್ತು’ ಅನ್ನುತ್ತಾರೆ.

ಎಚ್‌ಟಿಎಂಎಲ್5ರಲ್ಲಿರುವ, ಅಂದರೆ ಬ್ರೌಸರಿನಲ್ಲೇ ನಡೆಯುವ ಫೆಟ್ ಆಟಗಳನ್ನು ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಜಿಯೋಜೀಬ್ರಾದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆಯುತ್ತಾ ಹೋದರೆ ಮೂರೂ ಕೋನ ಬದಲಾಗುತ್ತವೆ, ಮೊತ್ತ 180 ಡಿಗ್ರಿಯಲ್ಲೇ ಇರುತ್ತದೆ. ಇದನ್ನು ನೀವು ಎಳೆಯಬೇಡಿ, ಮಗುವಿನ ಕೈಗೆ ಮೌಸ್ ಕೊಡಿ.

ಪ್ಯಾಡ್ಲೆಟ್‌ನಂಥ ಹಂಚಿಕೊಳ್ಳುವ ಗೋಡೆಗಳು ಅಭಿಪ್ರಾಯ ಸಂಗ್ರಹಿಸಲು ಚೆನ್ನ, ಆದರೆ ಯಾರು ಏನು ಅಂಟಿಸುತ್ತಿದ್ದಾರೆ ಅಂತ ನೀವು ಪರದೆ ಕಾಯಬೇಕು. ನಿಮ್ಮ ಒಪ್ಪಿಗೆ ಸಿಕ್ಕ ಮೇಲೆಯೇ ಪೋಸ್ಟ್ ಕಾಣುವ ಸೆಟ್ಟಿಂಗ್ ಹಾಕದೆ ಬಳಸಬೇಡಿ. ಮೊದಲ ವರ್ಷ ಚೀಟಿ ಮೇಲೆ ಬರೆಸಿ ಗೋಡೆಗೆ ಅಂಟಿಸುವುದೇ ಹಗುರ.

ಬಾಳಿಕೆ, ಹಕ್ಕು, ಮಕ್ಕಳ ಹೆಸರು

ಸಾಧನಗಳು ಮುಚ್ಚಿಹೋಗುತ್ತವೆ. ಬ್ರೌಸರಿನಲ್ಲಿ ಅನಿಮೇಷನ್, ಆಟ ನಡೆಸುತ್ತಿದ್ದ ಫ್ಲ್ಯಾಶ್ ತಂತ್ರಾಂಶ 2020ರ ಕೊನೆಗೆ ನಿಂತಾಗ ಅದರಲ್ಲಿ ಮಾಡಿದ್ದ ಎಷ್ಟೋ ಪಾಠದ ಆಟಗಳು ಬ್ರೌಸರಿನಲ್ಲಿ ತೆರೆಯದಾದವು. ಒಟ್ಟಿಗೆ ಬರೆಯುವ ಡಿಜಿಟಲ್ ಬೋರ್ಡು ಗೂಗಲ್ ಜಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು. ಮಕ್ಕಳಿಂದ ವಿಡಿಯೋ ಉತ್ತರ ಪಡೆಯಲು ಬಳಸುತ್ತಿದ್ದ ಮೈಕ್ರೋಸಾಫ್ಟ್ ಫ್ಲಿಪ್ ಕೂಡ ಅದೇ ವರ್ಷ ಪ್ರತ್ಯೇಕ ಆ್ಯಪ್ ಆಗಿ ಉಳಿಯಲಿಲ್ಲ. ಹಾಗಾಗಿ ಸಾಧನ ಆರಿಸುವಾಗ ‘ನನ್ನ ಕೆಲಸವನ್ನು ಇಲ್ಲಿಂದ ಹೊರಗೆ ತೆಗೆಯಬಹುದಾ?’ ಅಂತ ಮೊದಲೇ ನೋಡಿ. ಪ್ರಶ್ನೆ, ಚಿತ್ರ, ಮಾತಿನ ಬರಹ ಇವೆಲ್ಲ ನಿಮ್ಮ ಬಳಿಯೇ ಸಾದಾ ಫೈಲ್ ಆಗಿ ಇರಲಿ.

ಚಿತ್ರಗಳಿಗೆ ಹುಡುಕಾಟದಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಬೇಡಿ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳು ಬೇಕಾದಷ್ಟು ಇವೆ. ಪರವಾನಗಿಯ ಹೆಸರಿನಲ್ಲಿ ಬರುವ ಅಕ್ಷರ ನೋಡಿ. ಬಿವೈ ಅಂದರೆ ಮಾಡಿದವರ ಹೆಸರು ಹಾಕಬೇಕು. ಎಸ್‌ಎ ಅಂದರೆ ನೀವು ಬದಲಿಸಿ ಹಂಚುವಾಗ ಅದೇ ಪರವಾನಗಿ ಕೊಡಬೇಕು. ಬೇರೆ ಕಡೆ ಸಿಗುವ ಚಿತ್ರಗಳಲ್ಲಿ ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ಎನ್‌ಡಿ ಇದ್ದರೆ ಬದಲಿಸಿದ್ದನ್ನು ಹಂಚುವಂತಿಲ್ಲ. ಸ್ಲೈಡಿನ ಕೆಳಗೆ ಒಂದು ಸಾಲು ಹೆಸರು ಬರೆದರೆ ಮಕ್ಕಳೂ ಅದನ್ನೇ ಕಲಿಯುತ್ತಾರೆ.

ಮಕ್ಕಳ ಪೂರ್ತಿ ಹೆಸರು, ಫೋಟೋ, ಇಮೇಲ್ ಯಾವ ಆ್ಯಪಿಗೂ ಸುಮ್ಮನೆ ಕೊಡಬೇಡಿ. ಪ್ಲಿಕರ್ಸ್‌ಗೆ ಕಾರ್ಡಿನ ಸಂಖ್ಯೆ ಸಾಕು, ಕಹೂಟ್‌ಗೆ ಅಡ್ಡಹೆಸರು ಸಾಕು. ಖಾತೆ ತೆರೆಯಲೇಬೇಕು ಅನ್ನುವ ಸಾಧನವಾದರೆ ಶಾಲೆಯವರ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯಿರಿ.

ಯಾವ ಕ್ರಮದಲ್ಲಿ ಕಲಿಯುವುದು

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಒಂದು ಕ್ವಿಜ್ ಸಾಧನ, ಮಕ್ಕಳ ಕೈಯಲ್ಲಿ ಏನಿದೆ ನೋಡಿಕೊಂಡು ಪ್ಲಿಕರ್ಸ್ ಅಥವಾ ವೇಗ್ರೌಂಡ್. ಆಮೇಲೆ ನಿಮ್ಮ ವಿಷಯಕ್ಕೆ ಹೊಂದುವ ಫೆಟ್ ಅಥವಾ ಜಿಯೋಜೀಬ್ರಾ. ಭಾಷೆ, ಸಮಾಜ ವಿಜ್ಞಾನದವರಾದರೆ ಅದರ ಬದಲು ಆಡಾಸಿಟಿ, ಮಕ್ಕಳಿಂದಲೇ ಓದಿಸಿ ರೆಕಾರ್ಡ್ ಮಾಡಿಸುವುದಕ್ಕೆ. ವಿಡಿಯೋ ಕೊನೆಗೆ. ಕಲಿತ ಸಾಧನವನ್ನು ಮಕ್ಕಳ ಮೇಲಿಂದ ಕಣ್ಣು ತೆಗೆಯದೆ, ಅವರ ಜೊತೆ ಮಾತಾಡುತ್ತಲೇ ನಡೆಸಲು ಬರುತ್ತದೆ ಅನ್ನುವ ತನಕ ಮುಂದಿನದಕ್ಕೆ ಹೋಗಬೇಡಿ. ಅಭ್ಯಾಸಕ್ಕೆ ಸಹಪಾಠಿಗಳನ್ನು ಕೂರಿಸಿಕೊಂಡು, ಅವರು ಬೇಕಂತಲೇ ಅಡ್ಡಪ್ರಶ್ನೆ ಕೇಳುತ್ತಿರುವಾಗ ಸಾಧನ ನಡೆಸಿ ನೋಡಿ.

ಪಾಠದ ಹಿಂದಿನ ದಿನ ಅದೇ ಕೋಣೆಗೆ ಹೋಗಿ. ಕೇಬಲ್ ಹೊಂದುತ್ತದಾ, ಸ್ಪೀಕರಿನಿಂದ ಸದ್ದು ಬರುತ್ತದಾ, ಕಿಟಕಿ ಬೆಳಕಿಗೆ ಪರದೆ ಕಾಣುತ್ತದಾ ನೋಡಿಕೊಳ್ಳಿ. ನೆಟ್‌ವರ್ಕ್ ಹೋದರೆ ಏನು ಮಾಡುವುದು ಅನ್ನುವುದನ್ನು ಪಾಠಯೋಜನೆಯಲ್ಲೇ ಒಂದು ಸಾಲು ಬರೆದಿಡಿ, ಮಾರ್ಗದರ್ಶಕರಿಗೂ ಅದು ಕಾಣಲಿ. ಆಮೇಲೆ ಕೊನೆಯ ಬೆಂಚಿನಲ್ಲಿ ಕೂತು ನಿಮ್ಮ ಸ್ಲೈಡನ್ನು ನೀವೇ ಓದಿ. ಓದಲು ಆಗದಿದ್ದರೆ ಅಕ್ಷರ ದೊಡ್ಡದು ಮಾಡಿ, ಜಾಗ ಸಾಲದಿದ್ದರೆ ವಾಕ್ಯ ತೆಗೆಯಿರಿ.